ಹೆಬ್ಬೆಟ್ಟಿನ ಒಪ್ಪಿಗೆ

ಕಾನೂನು ಕಾಲೇಜಿನಲ್ಲಿ ಮೊದಮೊದಲು ಕಲಿಸುವ ಪಾಠಗಳಲ್ಲಿ ಕರಾರಿನದೂ ಒಂದು. ಇಬ್ಬರು ಸ್ವತಂತ್ರ ಮನುಷ್ಯರು, ಯಾರ ಬಲವಂತವೂ ಇಲ್ಲದೆ, ತಿಳಿದು ಒಪ್ಪಿದರೆ ಅದು ಕರಾರು. 1872ರ ಭಾರತೀಯ ಕರಾರು ಕಾಯ್ದೆಯ 10ನೇ ಕಲಮು ಹೇಳುವುದು ಇದನ್ನೇ. ಬಲಾತ್ಕಾರದಿಂದ, ಅನುಚಿತ ಪ್ರಭಾವದಿಂದ, ಮೋಸದಿಂದ ಪಡೆದ ಒಪ್ಪಿಗೆ ಮುಕ್ತ ಒಪ್ಪಿಗೆಯಲ್ಲ ಅಂತ 14ನೇ ಕಲಮು ಹೇಳುತ್ತದೆ. ಎಷ್ಟು ಚೆಂದದ ಮಾತು! ಈ ಮಾತನ್ನು ಪುಸ್ತಕದಿಂದ ಇಳಿಸಿ ನಮ್ಮ ಸಗರನಾಡಿನ ಕೇರಿಯ ಮುಂದೆ ನಿಲ್ಲಿಸಿ ಕೇಳಬೇಕಾಗಿದೆ: ನಮ್ಮವರು ಒಪ್ಪಿದ್ದು ಯಾವಾಗ?

ಶಹಾಪುರ, ಸುರಪುರ, ಯಾದಗಿರಿ ಸೀಮೆಯಲ್ಲಿ ಜೀತ ಹುಟ್ಟುತ್ತಿದ್ದ ಬಗೆ ಹಿರಿಯರಿಗೆಲ್ಲ ಗೊತ್ತು. ಮಗಳ ಮದುವೆ, ಮನೆಯಲ್ಲೊಂದು ಸಾವು, ಇಲ್ಲಾ ಮಳೆ ಕೈಕೊಟ್ಟ ವರ್ಷದ ಎರಡು ಚೀಲ ಜೋಳ. ಸಾವ್ಕಾರನ ಕಟ್ಟೆಯ ಕೆಳಗೆ ಕೈಕಟ್ಟಿ ನಿಂತು ಕೇಳಬೇಕು. ಕಾಗದ ಬರೆಯುವವನು ಅವನೇ, ಓದಿ ಹೇಳುವವನು ಅವನೇ, ಲೆಕ್ಕ ಇಡುವವನೂ ಅವನೇ. ನಮ್ಮದು ಹೆಬ್ಬೆಟ್ಟು ಮಾತ್ರ. ಯುಗಾದಿಯಿಂದ ಯುಗಾದಿಗೆ ದುಡಿದರೂ ಸಾಲ ಇದ್ದಲ್ಲೇ ಇರುತ್ತಿತ್ತು. ಹಬ್ಬಕ್ಕೆ ಕೊಟ್ಟ ಹಳೇ ಧೋತರ ಲೆಕ್ಕಕ್ಕೆ, ಜಡ್ಡಾಗಿ ಮಲಗಿದ ದಿನ ಲೆಕ್ಕಕ್ಕೆ, ಸತ್ತ ಎತ್ತೂ ಲೆಕ್ಕಕ್ಕೆ. ಅಪ್ಪ ಸತ್ತರೆ ಮಗ ಹೋಗಿ ಅದೇ ದನದ ಕೊಟ್ಟಿಗೆಯಲ್ಲಿ ನಿಲ್ಲಬೇಕು. ಹುಟ್ಟುವ ಮೊದಲೇ ಮಾಡಿದ ಕರಾರಿಗೆ ಆ ಮಗ ಎಂದು ಒಪ್ಪಿದ್ದ?

1861ರಲ್ಲಿ ಹೆನ್ರಿ ಮೇನ್ ಎಂಬ ಇಂಗ್ಲಿಷ್ ಪಂಡಿತ ಒಂದು ಸಿದ್ಧಾಂತ ಹೇಳಿದ. ಮುಂದುವರಿಯುವ ಸಮಾಜಗಳೆಲ್ಲ ಹುಟ್ಟಿನ ಸ್ಥಾನಮಾನದಿಂದ ಕರಾರಿನ ಕಡೆಗೆ ನಡೆಯುತ್ತವೆ ಅಂತ. ಹುಟ್ಟು ನಿನ್ನ ಪಾಡನ್ನು ತೀರ್ಮಾನಿಸುತ್ತಿದ್ದ ಕಾಲ ಹೋಗಿ, ನಿನ್ನ ಒಪ್ಪಿಗೆ ತೀರ್ಮಾನಿಸುವ ಕಾಲ ಬರುತ್ತದೆ ಎಂಬುದು ಅವನ ಮಾತಿನ ತಿರುಳು. ನಮ್ಮಲ್ಲಿ ಆದದ್ದೇ ಬೇರೆ. ಹುಟ್ಟು ಹೋಗಲಿಲ್ಲ, ಕರಾರಿನ ಅಂಗಿ ತೊಟ್ಟುಕೊಂಡು ಬಂತು. ಮನುಸ್ಮೃತಿ ತೆಗೆದು ನೋಡಿ. ತಿಂಗಳ ಬಡ್ಡಿ ಬ್ರಾಹ್ಮಣನಿಗೆ ನೂರಕ್ಕೆ 2, ಕ್ಷತ್ರಿಯನಿಗೆ 3, ವೈಶ್ಯನಿಗೆ 4, ಶೂದ್ರನಿಗೆ 5. ಸಾಲಗಾರ ಸಮಜಾತಿಯವನೋ ಕೆಳಜಾತಿಯವನೋ ಆದರೆ ಮೈದುಡಿಮೆಯಿಂದ ತೀರಿಸಬೇಕು, ಮೇಲ್ಜಾತಿಯವನಾದರೆ ನಿಧಾನಕ್ಕೆ ಕೊಟ್ಟರಾಯಿತು. ಜೀತದ ಮೂಲ ದಸ್ತಾವೇಜು ಇದು. ಸಾವ್ಕಾರನ ಕಾಗದ ಇದರ ನಕಲು.

ಬ್ರಿಟಿಷರು ಬಂದು ಇದನ್ನು ಮುರಿದರೇ? ಕರಾರು ಮುರಿದವನ ಮೇಲೆ ದಿವಾಣಿ ದಾವೆ ಹಾಕಿ ನಷ್ಟ ತುಂಬಿಸಿಕೊಳ್ಳಬೇಕು, ಅದು ಅವರದೇ ಕಾನೂನಿನ ನೀತಿ. ಆದರೆ 1859ರಲ್ಲಿ ಅವರೇ ಮಾಡಿದ ಕಾಯ್ದೆಯೊಂದು, ಮುಂಗಡ ಇಸಿದುಕೊಂಡು ಕೆಲಸ ಬಿಟ್ಟ ಕೂಲಿಕಾರನನ್ನು ಜೈಲಿಗೆ ಕಳಿಸಬಹುದೆಂದಿತು. ವ್ಯಾಪಾರಿ ಮಾತು ತಪ್ಪಿದರೆ ದುಡ್ಡಿನ ಲೆಕ್ಕ, ಕೂಲಿಯವ ಮಾತು ತಪ್ಪಿದರೆ ಅಪರಾಧ! ಆ ಕಾಯ್ದೆ ರದ್ದಾದದ್ದು 1925ರಲ್ಲಿ. ಮಕ್ಕಳ ದುಡಿಮೆಯನ್ನು ಸಾಲಕ್ಕೆ ಅಡ ಇಡುವ ಕರಾರು ಸಲ್ಲದು ಎಂಬ ಕಾಯ್ದೆ ಬಂದದ್ದು 1933ರಲ್ಲಿ. ಸಾಲ ತೀರಿಸಲು ಮಕ್ಕಳನ್ನು ಕಾಫಿ ತೋಟಕ್ಕೆ ಕಳಿಸುವ ಅಪ್ಪನ ಕತೆ ‘ಚೋಮನ ದುಡಿ’ ಅಚ್ಚಾದದ್ದೂ ಅದೇ 1933ರಲ್ಲಿ.

ನಮ್ಮ ಸೀಮೆ ಮಾತ್ರ ಆಗ ನಿಜಾಮನದು. ಗುಲಬರ್ಗಾ ಜಿಲ್ಲೆಯ ಈ ತಾಲೂಕುಗಳಲ್ಲಿ ಕೋರ್ಟಿನ ಭಾಷೆ ಉರ್ದು, ಕೇರಿಯ ಭಾಷೆ ಕನ್ನಡ. ತನ್ನ ಕೈಕಾಲಿನ ಮೇಲೆ ಏನು ಬರೆದಿದೆ ಅಂತ ಕೇಳಿ ತಿಳಿಯುವುದಕ್ಕೂ ಇನ್ನೊಬ್ಬನ ಹಂಗು ಬೇಕಿತ್ತು. ಹೈದರಾಬಾದ್ ಸಂಸ್ಥಾನದಲ್ಲಿ ಇಂಥ ಸಾಲದ ಜೀತಕ್ಕೆ ಭಗೇಲಾ ಎಂದು ಹೆಸರು. 1943ರಲ್ಲಿ ನಿಜಾಮನ ಸರ್ಕಾರವೂ ಭಗೇಲಾ ಕರಾರುಗಳ ಮೇಲೆ ಒಂದು ನಿಬಂಧನೆ ತಂದಿತು. ಅಂದರೆ ಈ ರೋಗ ದೊರೆಗೂ ಕಾಣುತ್ತಿತ್ತು. ಜೀತ ಮಾತ್ರ ನಡೆದೇ ಇತ್ತು. 1948ರಲ್ಲಿ ಸಂಸ್ಥಾನ ಬಿತ್ತು, 1949ರಲ್ಲಿ ಜಾಗೀರುಗಳು ಹೋದವು, 1950ರಲ್ಲಿ ಬಾಬಾಸಾಹೇಬರ ಸಂವಿಧಾನ 23ನೇ ವಿಧಿಯಲ್ಲಿ ಬಿಟ್ಟಿ ಚಾಕರಿಯನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸಿತು. 1951ರಲ್ಲಿ 1872ರ ಕರಾರು ಕಾಯ್ದೆ ಈ ಸೀಮೆಗೂ ಬಂತು. ಜೀತವನ್ನು ನೇರವಾಗಿ ಹೆಸರು ಹಿಡಿದು ರದ್ದು ಮಾಡುವ ಇಡೀ ದೇಶದ ಕಾಯ್ದೆಗೆ ಮಾತ್ರ ನಾವು ಇನ್ನೂ ಕಾಲು ಶತಮಾನ ಕಾಯಬೇಕಾಯಿತು.

1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ, 1976ರಲ್ಲಿ ಜೀತ ಪದ್ಧತಿ ರದ್ದು ಕಾಯ್ದೆ. ಇದನ್ನು ನಮ್ಮ ಮೇಷ್ಟ್ರುಗಳು ಒಮ್ಮೆ ಓದಲೇಬೇಕು. ಕಾಗದ ಇಲ್ಲದಿದ್ದರೂ ಸಾಮಾಜಿಕ ರೂಢಿಯಿಂದಲೇ ಕರಾರು ಇದೆಯೆಂದು ತಿಳಿಯಬೇಕಾದ ದುಡಿಮೆಗಳ ಪಟ್ಟಿ ಅದರಲ್ಲಿದೆ. ಆ ಪಟ್ಟಿಯಲ್ಲಿ ಭಗೇಲಾ ಇದೆ, ಜೀತ ಇದೆ, ‘ಹೊಲ್ಯಾ’ ಅಂತಲೂ ಇದೆ! ಒಂದು ಜಾತಿಯ ಹೆಸರೇ ಬಲವಂತದ ದುಡಿಮೆಯ ಹೆಸರಾಗಿ ಪಾರ್ಲಿಮೆಂಟಿನ ಕಾಯ್ದೆಯಲ್ಲಿ ಕೂತಿದೆ. ಇಂಥ ಜಾತಿಯಲ್ಲಿ ಹುಟ್ಟಿದ ಕಾರಣಕ್ಕೆ ದುಡಿಸಿಕೊಳ್ಳುವುದೂ ಜೀತವೇ ಅಂತ ಅದು ಒಪ್ಪಿಕೊಳ್ಳುತ್ತದೆ. ಮೇನ್ ಪಂಡಿತನಿಗೆ ಸಗರನಾಡು ಕೊಟ್ಟ ಉತ್ತರ ಇದು.

ಆ ಕಾಯ್ದೆ ಇನ್ನೂ ಮೂರು ಕೆಲಸ ಮಾಡಿತು. ಜೀತದ ಸಾಲ ಅಳಿಯಿತು, ಅದಕ್ಕಾಗಿ ದಾವೆ ಹಾಕುವಂತಿಲ್ಲ. ಇದು ಜೀತದ ಸಾಲ ಅಂತ ದುಡಿದವನು ಹೇಳಿದರೆ, ಅಲ್ಲ ಅಂತ ರುಜುವಾತು ಮಾಡುವ ಭಾರ ಸಾವ್ಕಾರನದು (15ನೇ ಕಲಮು). ಜೀತಕ್ಕೆ ಹಚ್ಚಿದವನಿಗೆ ಮೂರು ವರ್ಷದವರೆಗೆ ಜೈಲು, ಎರಡು ಸಾವಿರದವರೆಗೆ ದಂಡ. ಎಂದೂ ಕಾಗದ ಇಟ್ಟುಕೊಳ್ಳದವನಿಗೆ ಕಾಗದ ತೋರಿಸು ಅನ್ನುತ್ತಿದ್ದ ಕೋರ್ಟು ಮೊದಲ ಸಲ ಕಾಗದ ಇದ್ದವನ ಕಡೆ ತಿರುಗಿತು. ಮುಂದೆ 1982ರಲ್ಲಿ, ದಿಲ್ಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕೂಲಿಗಳ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಭಗವತಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬಲವಂತ ಅಂದರೆ ಬಾರುಕೋಲು ಮಾತ್ರ ಅಲ್ಲ, ಹಸಿವೂ ಬಲವಂತವೇ. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಂಡರೆ ಅದು 23ನೇ ವಿಧಿಯ ಬಲವಂತದ ದುಡಿಮೆ ಎಂದರು. ಕೇರಿಯ ಮುದುಕಿಗೆ ಗೊತ್ತಿದ್ದ ಸತ್ಯ ಕೋರ್ಟಿಗೆ ಗೊತ್ತಾಗಲು ಇಷ್ಟು ವರ್ಷ ಬೇಕಾಯಿತು.

ಇನ್ನು ಕಾನೂನಿನ ಇನ್ನೊಂದು ಕಂಬ, ಅಪಕೃತ್ಯ. ಇಂಗ್ಲಿಷಿನವರು ಟಾರ್ಟ್ ಅನ್ನುತ್ತಾರೆ. ಕರಾರು ಇರಲಿ ಬಿಡಲಿ, ಒಬ್ಬನ ತಪ್ಪಿನಿಂದ ಇನ್ನೊಬ್ಬನಿಗೆ ಕೇಡಾದರೆ ಪರಿಹಾರ ಕೊಡಬೇಕು ಎಂಬ ನೀತಿ. 1928ರಲ್ಲಿ ಸ್ಕಾಟ್ಲೆಂಡಿನ ಪೇಸ್ಲಿ ಊರಲ್ಲಿ ಡೊನೊಹ್ಯೂ ಎಂಬ ಬಡ ಹೆಂಗಸು, ಗೆಳತಿ ಕೊಡಿಸಿದ ಪಾನೀಯ ಕುಡಿದು, ಶೀಶೆಯಲ್ಲಿ ಕೊಳೆತ ಬಸವನಹುಳು ಇತ್ತೆಂದು ದಾವೆ ಹಾಕಿದಳು. ಕೊಂಡವಳು ಅವಳಲ್ಲ, ಕರಾರೂ ಇಲ್ಲ. ಆದರೂ ನಿನ್ನ ಕೆಲಸದಿಂದ ಯಾರಿಗೆ ಕೇಡಾಗಬಹುದೋ ಅವರೆಲ್ಲ ನಿನ್ನ ನೆರೆಯವರು, ಅವರ ಬಗ್ಗೆ ಎಚ್ಚರ ಇರಬೇಕು ಅಂತ 1932ರಲ್ಲಿ ಲಾರ್ಡ್ ಆಟ್ಕಿನ್ ಹೇಳಿದರು. ನೆರೆಯವ ಯಾರು? ಊರ ಹೊರಗೆ ಕೇರಿ ಇಟ್ಟ ನಾಡಿಗೆ ಇದು ದೊಡ್ಡ ಪ್ರಶ್ನೆ. ಮಹಾಡಿನ ಚವದಾರ್ ಕೆರೆಯ ನೀರನ್ನು 1927ರಲ್ಲಿ ಅಂಬೇಡ್ಕರರು ಮುಟ್ಟಿದಾಗ, ಮೇಲ್ಜಾತಿಯವರೇ ತಮಗೆ ಅನ್ಯಾಯವಾಯಿತೆಂದು ಕೋರ್ಟಿಗೆ ಹೋದರು! ಹತ್ತು ವರ್ಷ ನಡೆದ ಆ ದಾವೆಯಲ್ಲಿ, ಅವರು ಹೇಳಿದ ರೂಢಿ ಅನಾದಿಯಿಂದ ಬಂದದ್ದೆಂದು ರುಜುವಾತಾಗಲಿಲ್ಲವೆಂದು 1937ರಲ್ಲಿ ಬೊಂಬಾಯಿ ಹೈಕೋರ್ಟು ತೀರ್ಪು ಕೊಟ್ಟಿತು.

ಅಪಕೃತ್ಯದ ಕಾನೂನಿನಲ್ಲೂ ಒಂದು ಒಳಗಿಂಡಿ ಇದೆ. ಅಪಾಯ ಗೊತ್ತಿದ್ದೂ ತಾನೇ ಒಪ್ಪಿ ಹೋದವನಿಗೆ ದೂರುವ ಹಕ್ಕಿಲ್ಲ ಎಂಬ ಹಳೆಯ ಸೂತ್ರ. ಮತ್ತೆ ಅದೇ ಒಪ್ಪಿಗೆ! ಮಲದ ಗುಂಡಿಗೆ ಇಳಿದವನು ಒಪ್ಪಿ ಇಳಿದನೇ? ಅಲ್ಲಿ ಸತ್ತವರ ಮನೆಯವರಿಗೆ 10 ಲಕ್ಷ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು, 2023ರಲ್ಲಿ ಅದನ್ನು 30 ಲಕ್ಷ ಮಾಡಿತು. ಜೀವಕ್ಕೆ ಬೆಲೆ ಕಟ್ಟಿದ್ದು ದೊಡ್ಡದು ಅಂತ ನಾನು ಹೇಳುತ್ತಿಲ್ಲ. ಆ ಸಾವನ್ನು ಹಣೆಬರಹದಿಂದ ಕಿತ್ತು ತಪ್ಪಿನ ಪಟ್ಟಿಗೆ ಸೇರಿಸಿತಲ್ಲ, ಅದು ದೊಡ್ಡದು.

2009ರ ಡಿಸೆಂಬರಿನಲ್ಲಿ ಯಾದಗಿರಿ ಬೇರೆ ಜಿಲ್ಲೆಯಾಯಿತು. ಗುಳೆ ನಿಂತಿಲ್ಲ. ಬೆಂಗಳೂರಿನ ಕಟ್ಟಡಗಳಿಗೆ ಮೇಸ್ತ್ರಿ ಮುಂಗಡ ಕೊಟ್ಟು ಕರೆದೊಯ್ಯುತ್ತಾನೆ. ಮುಂಗಡ ತೀರುವ ತನಕ ಊರಿಗೆ ಹೋಗಬ್ಯಾಡ ಅಂದರೆ, ಅದು ಹಳೆಯ ಭಗೇಲಾನೇ, ಬಸ್ಸು ಹತ್ತಿದ್ದಾನೆ ಅಷ್ಟೇ. 1976ರ ಕಾಯ್ದೆಯ ಪ್ರಕಾರ ಜಿಲ್ಲೆಗೊಂದು, ಉಪವಿಭಾಗಕ್ಕೊಂದು ಜಾಗೃತಿ ಸಮಿತಿ ಇರಬೇಕು. ಅದರಲ್ಲಿ ಪರಿಶಿಷ್ಟ ಜಾತಿ, ಪಂಗಡದ ಮೂವರು ಇರಬೇಕು. ಅವರು ಯಾರು, ಕಡೆಯ ಸಭೆ ಯಾವಾಗ ಆಯಿತು ಅಂತ ಕಚೇರಿಗೆ ಹೋಗಿ ಕೇಳ್ರಿ, ಬರಹದಲ್ಲಿ ಉತ್ತರ ಇಸಿದುಕೊಳ್ರಿ. ಮೇಷ್ಟ್ರೇ, ನಿಮ್ಮ ಸಾಲಿಯ ಹುಡುಗರಿಗೆ ಸಹಿ ಕಲಿಸುವ ದಿನವೇ, ಓದದೆ ಸಹಿ ಹಾಕಬಾರದು ಅಂತಲೂ ಕಲಿಸ್ರಿ. ಹೆಬ್ಬೆಟ್ಟು ಒತ್ತಿದವರ ಮಕ್ಕಳು ನಾವು. ಕಾಗದ ಓದೋಣ. ಬೇಡ ಅನ್ನುವ ಶಕ್ತಿ ಇದ್ದವನು ಹೂಂ ಅಂದಾಗ ಮಾತ್ರ ಅದು ಒಪ್ಪಿಗೆ.