ಗುರುಸನ್ನಿಧಿಯ ಗಳಿಗೆ: ಹಾನಗಲ್ಲ ಸೀಮೆಯ ಶಿಷ್ಯಪರಂಪರೆಯೂ ಇಂದಿನ ಸಂಶೋಧಕರೂ

ವಿದ್ಯೆಯು ನಾಲ್ಕು ಪಾಲಾಗಿ ಬರುವದೆಂಬ ಹಿರಿಯರ ಮಾತು ಪಾಠಶಾಲೆಯ ಮೆಟ್ಟಿಲು ಹತ್ತಿದವರೆಲ್ಲರಿಗೂ ತಿಳಿದುದೇ. ಕಾಲುಪಾಲು ಗುರುವಿನಿಂದ, ಕಾಲುಪಾಲು ಸ್ವಬುದ್ಧಿಯಿಂದ, ಕಾಲುಪಾಲು ಸಹಪಾಠಿಗಳಿಂದ, ಉಳಿದ ಕಾಲುಪಾಲು ಕಾಲಕ್ರಮದಿಂದ ಬರತಕ್ಕದ್ದೆಂದು ಅದರ ತಾತ್ಪರ್ಯ. ಇದರ ಮೇಲಿಂದ ಗುರುವಿನ ಭಾಗವು ಸ್ವಲ್ಪವೇ ಎಂದು ಕೆಲವರು ಎಣಿಸುವದುಂಟು. ಆದರೆ ಮಿಕ್ಕ ಮೂರು ಪಾಲುಗಳು ಕೈಗೂಡುವವೋ ಇಲ್ಲವೋ ಎಂಬದು ಬಹುಮಟ್ಟಿಗೆ ಆ ಮೊದಲ ಪಾಲನ್ನೇ ಅವಲಂಬಿಸಿರುವದು. ಶಿಷ್ಯನ ಸ್ವಬುದ್ಧಿಗೆ ಧೈರ್ಯ ಕೊಡುವವನು, ಸಹಪಾಠಿಗಳ ನಡುವೆ ಅವನಿಗೊಂದು ಸ್ಥಾನ ಕಲ್ಪಿಸುವವನು, ಕಾಲ ಕೂಡಿಬರುವ ವರೆಗೆ ಕೈಬಿಡದೆ ಕಾಯುವವನು ಗುರುವೇ. ಈ ಕಾರ್ಯವು ಹತ್ತು ಜನರ ಸಭೆಯಲ್ಲಿ ನಡೆಯತಕ್ಕದ್ದಲ್ಲ. ಗುರುವೂ ಒಬ್ಬನೇ ಶಿಷ್ಯನೂ ಎದುರುಬದರು ಕುಳಿತ ಗಳಿಗೆಯಲ್ಲಿ ನಡೆಯತಕ್ಕದ್ದು. ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ಸೀಮೆಗಳ ಇತಿಹಾಸವನ್ನು ಈ ದೃಷ್ಟಿಯಿಂದ ನೋಡಿದರೆ, ವಿಶ್ವವಿದ್ಯಾಲಯಗಳಲ್ಲಿ ಇಂದು ಸಂಶೋಧನೆ ಮಾಡುತ್ತಿರುವ ತರುಣರಿಗೂ ಅವರ ಮಾರ್ಗದರ್ಶಕರಿಗೂ ಬೇಕಾದ ಬುತ್ತಿಯು ಮನೆಯಲ್ಲಿಯೇ ದೊರೆಯುವದು.

ಹಾನಗಲ್ಲು ಪೂರ್ವದಲ್ಲಿ ಪಾನುಂಗಲ್ಲೆಂದು ಹೆಸರಾಗಿ ಕದಂಬರ ಒಂದು ಶಾಖೆಗೆ ರಾಜಧಾನಿಯಾಗಿದ್ದಿತು. ಹಿರೇಕೆರೂರ ಸೀಮೆಗೆ ನೆರೆಯದಾದ ಬಳ್ಳಿಗಾವಿಯ ಕೋಡಿಯಮಠವನ್ನು ಕುರಿತ 1162ನೆಯ ಇಸವಿಯ ಶಾಸನವು ಅಲ್ಲಿ ನಡೆಯುತ್ತಿದ್ದ ವೇದ, ವ್ಯಾಕರಣ, ದರ್ಶನಗಳ ಅಧ್ಯಯನವನ್ನೂ, ಬಂದವರಿಗೆ ದೊರೆಯುತ್ತಿದ್ದ ಅನ್ನ-ಔಷಧಗಳನ್ನೂ ಒಂದೇ ಉಸಿರಿನಲ್ಲಿ ವರ್ಣಿಸಿರುವದು. ಇದು ಗಮನಿಸತಕ್ಕ ಸಂಗತಿ. ಹಸಿದವನೂ ರೋಗಿಯೂ ಆದ ವಿದ್ಯಾರ್ಥಿಗೆ ವ್ಯಾಕರಣದ ಸೂತ್ರ ಹತ್ತಲಾರದೆಂಬದನ್ನು ಅಂದಿನವರು ಬಲ್ಲವರಾಗಿದ್ದರು. ಶಿಷ್ಯನಿಗೆ ಸಂಸ್ಕೃತದಲ್ಲಿ ಅಂತೇವಾಸಿ, ಎಂದರೆ ಬಳಿಯಲ್ಲಿ ವಾಸಿಸುವವನು ಎಂಬ ಹೆಸರಿರುವದು. ಪಾಠಶಾಲೆಗಳ ಪದ್ಧತಿಯೂ ಈ ಹೆಸರಿಗೆ ತಕ್ಕಂತೆಯೇ ಇದ್ದಿತು. ಪಾಠವನ್ನು ಎಲ್ಲರೂ ಕೂಡಿ ಕೇಳಿದರೂ ಒಪ್ಪಿಸುವಾಗ ಒಬ್ಬೊಬ್ಬನೇ ಗುರುವಿನ ಮುಂದೆ ಕುಳಿತು ಒಪ್ಪಿಸುತ್ತಿದ್ದನು. ಎಲ್ಲಿ ನಾಲಗೆ ತೊದಲಿತು, ಎಲ್ಲಿ ಅರ್ಥ ತಪ್ಪಿತು ಎಂಬದು ಆಗಲೇ ಬೈಲಿಗೆ ಬರುತ್ತಿದ್ದಿತು. ಅಷ್ಟಮಿ, ಚತುರ್ದಶಿ ಮೊದಲಾದ ಅನಧ್ಯಾಯದ ದಿನಗಳಲ್ಲಿ ಹೊಸ ಪಾಠವಿಲ್ಲ. ಹಳೆಯದರ ಚಿಂತನೆ ಮಾತ್ರ. ಇಂತು ಹೇಳುವದಕ್ಕೊಂದು ದಿನ, ಕೇಳುವದಕ್ಕೊಂದು ದಿನ, ತಿದ್ದಿಕೊಳ್ಳುವದಕ್ಕೊಂದು ದಿನವೆಂಬ ಕಟ್ಟಳೆ ನಿಂತಿದ್ದಿತು.

ಶಿಗ್ಗಾಂವಿ ತಾಲೂಕಿನ ಶಿಶುವಿನಹಾಳದಲ್ಲಿ 1819ರಲ್ಲಿ ಜನಿಸಿದ ಶರೀಫರ ಕಥೆ ಇನ್ನೊಂದು ಬಗೆಯದು. ಅವರು ಕನ್ನಡ ಕಲಿತು ಕೆಲಕಾಲ ಶಾಲೆಯ ಮಾಸ್ತರಿಕೆಯನ್ನೂ ಮಾಡಿದವರು. ಅವರಿಗೆ ದೊರೆತ ಗುರುಗಳು ಕಳಸದ ಗೋವಿಂದಭಟ್ಟರು. ಗುರುವು ಬ್ರಾಹ್ಮಣ, ಶಿಷ್ಯನು ಮುಸಲ್ಮಾನ. ಎರಡೂ ಕಡೆಯ ಜನರು ಈ ಸಂಬಂಧವನ್ನು ಆಕ್ಷೇಪಿಸಿದರೆಂದೂ, ಭಟ್ಟರು ಅದಕ್ಕೆ ಸೊಪ್ಪುಹಾಕದೆ ಶಿಷ್ಯನನ್ನು ತಮ್ಮೊಡನೆ ಕೂಡಿಸಿಕೊಂಡು ತಿರುಗಿದರೆಂದೂ ಈ ಸೀಮೆಯಲ್ಲಿ ಪ್ರತೀತಿಯುಂಟು. ಅವರೊಳಗೆ ನಡೆದ ಮಾತನ್ನು ಬರೆದಿಟ್ಟವರಿಲ್ಲ. ಅದರ ಫಲವು ಮಾತ್ರ ಇಂದಿಗೂ ಜನರ ಬಾಯಲ್ಲಿ ಹಾಡಾಗಿ ಉಳಿದಿರುವದು. ಶಿಷ್ಯನ ಮೇಲೆ ಬರುವ ನಿಂದೆಯಲ್ಲಿ ತಾನೂ ಪಾಲುಗಾರನಾಗುವದು ಗುರುವಿನ ಧರ್ಮವೆಂಬದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಹಾನಗಲ್ಲ ವಿರಕ್ತಮಠದ ಕುಮಾರ ಸ್ವಾಮಿಗಳು (1867-1930) ಬಾದಾಮಿಯ ಸಮೀಪದಲ್ಲಿ 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಮಹನೀಯರು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯನೆಂಬ ಹುಟ್ಟುಕುರುಡ ಬಾಲಕನ ಕಂಠವನ್ನು ಕೇಳಿ ಸ್ವಾಮಿಗಳು ಅವನನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಮುಂದೆ ಪಂಚಾಕ್ಷರಿ ಗವಾಯಿಗಳೆಂದು ವಿಖ್ಯಾತನಾದವನು ಈತನೇ. ಸ್ವಾಮಿಗಳು ಸಂಗೀತವಿದ್ವಾಂಸರಾಗಿ ಹೆಸರಾದವರಲ್ಲ. ತಮ್ಮಿಂದಾಗದುದನ್ನು ಶಿಷ್ಯನಿಗೆ ತಪ್ಪಿಸದೆ, ಮೊದಲು ಕರ್ನಾಟಕ ಸಂಗೀತದ ಶಿಕ್ಷಣಕ್ಕೆ ಏರ್ಪಾಡು ಮಾಡಿ, ತರುವಾಯ ಮಿರಜದ ನೀಲಕಂಠಬುವಾ ಅವರಿಂದ ಹಿಂದುಸ್ತಾನಿ ಪದ್ಧತಿಯ ಪಾಠ ದೊರೆಯುವಂತೆ ಮಾಡಿದರು. ಗುರುವು ಎಲ್ಲವನ್ನೂ ಬಲ್ಲವನಾಗಿರಬೇಕೆಂಬ ನಿಯಮವಿಲ್ಲ. ಶಿಷ್ಯನಿಗೆ ಏನು ಕೊರತೆಯೆಂಬದನ್ನು ಅವನ ಬಾಯಿಂದಲೇ ಕೇಳಿ, ಅದನ್ನು ಬಲ್ಲವನು ಎಲ್ಲಿರುವನೆಂದು ಹುಡುಕಿ ಕೊಟ್ಟರೆ ಸಾಕು.

ಪಂಚಾಕ್ಷರಿ ಗವಾಯಿಗಳು ಈ ಋಣವನ್ನು ತೀರಿಸಿದ ರೀತಿ ಇನ್ನೂ ದೊಡ್ಡದು. ಹಾನಗಲ್ಲ ಸೀಮೆಯಲ್ಲಿ 1914ರಲ್ಲಿ ಹುಟ್ಟಿ ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡ ಪುಟ್ಟರಾಜರು ಅವರ ಪಟ್ಟಶಿಷ್ಯರಾದರು. ಕಣ್ಣಿಲ್ಲದವನಿಗೆ ಕರಿಹಲಗೆಯ ಪಾಠವಿಲ್ಲ, ದೂರದಿಂದ ನೋಡಿ ಕಲಿಯುವ ಉಪಾಯವಿಲ್ಲ. ವಾದ್ಯದ ಮೇಲೆ ಬೆರಳನ್ನು ಹಿಡಿದು ಇರಿಸಬೇಕು, ಸ್ವರವನ್ನು ಕಿವಿಯ ಬಳಿಯಲ್ಲಿ ನುಡಿಯಬೇಕು. ಗುರುವೂ ಕುರುಡನಾಗಿದ್ದಲ್ಲಿ ಶಿಷ್ಯನ ಮುಖಭಾವದಿಂದ ಅವನ ಮನಸ್ಸನ್ನು ಅರಿಯುವದೂ ಸಾಧ್ಯವಿಲ್ಲ, ಕೇಳಿಯೇ ಅರಿಯಬೇಕು. ಇಂತಹ ಪಾಠದಿಂದ ಗದಗಿನ ವೀರೇಶ್ವರ ಪುಣ್ಯಾಶ್ರಮದ ಪರಂಪರೆ ಬೆಳೆಯಿತು. 1944ರಲ್ಲಿ ಗುರುಗಳು ತೀರಿಕೊಂಡ ಮೇಲೆ ಪುಟ್ಟರಾಜರು ಆಶ್ರಮದ ಭಾರವನ್ನು ಹೊತ್ತು 2010ರಲ್ಲಿ ತಾವು ಅಗಲುವ ವರೆಗೂ ಅಸಂಖ್ಯ ಅಂಧ ಮತ್ತು ಅನಾಥ ಮಕ್ಕಳನ್ನು ಅದೇ ರೀತಿಯಲ್ಲಿ ನಡೆಯಿಸಿದರು.

ಹಾನಗಲ್ಲ ಊರ ಹೆಸರನ್ನು ತಮ್ಮ ಹೆಸರಿಗೆ ಕೂಡಿಸಿಕೊಂಡು ದೇಶದಲ್ಲೆಲ್ಲ ಮೆರೆಸಿದ ಗಂಗೂಬಾಯಿಯವರು (1913-2009) ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತವರು. ಮನೆಮಕ್ಕಳ ಭಾರ ಹೊತ್ತು ಹುಬ್ಬಳ್ಳಿಯಿಂದ ರೇಲ್ವೆಯಲ್ಲಿ ಹೋಗಿ ಪಾಠ ಹೇಳಿಸಿಕೊಂಡು ತಿರುಗಿ ಬರುವದು ಅವರ ನಿಯಮವಾಗಿದ್ದಿತು. ಗುರುಗಳು ಒಮ್ಮೆಗೆ ಕೊಡುತ್ತಿದ್ದುದು ಸ್ವಲ್ಪವೇ. ಒಂದೇ ಸ್ವರಸಮೂಹವನ್ನು ಕಂಠಕ್ಕೆ ಕೂಡುವ ವರೆಗೆ ಮತ್ತೆ ಮತ್ತೆ ಹಾಡಿಸುತ್ತಿದ್ದರು. ಜಿಪುಣನು ಹಣ ಖರ್ಚು ಮಾಡುವಂತೆ ಸ್ವರಗಳನ್ನು ಎಣಿಸಿ ಎಣಿಸಿ ಬಳಸಬೇಕೆಂದು ಗುರುಗಳು ಕಲಿಸಿದುದಾಗಿ ಗಂಗೂಬಾಯಿಯವರು ನೆನೆಯುತ್ತಿದ್ದರು. ಅದೇ ಕಾಲದಲ್ಲಿ ಭೀಮಸೇನ ಜೋಶಿಯವರು (1922-2011) ಗುರುಗೃಹದಲ್ಲಿಯೇ ವಾಸವಾಗಿದ್ದು ಮನೆಗೆಲಸ ಮಾಡಿ ಕಲಿಯುತ್ತಿದ್ದರು. ಒಬ್ಬಳು ಗೃಹಿಣಿ, ಒಬ್ಬನು ಮನೆಬಿಟ್ಟು ಬಂದ ಹುಡುಗ. ಇಬ್ಬರಿಗೂ ಪರಂಪರೆ ಒಂದೇ, ಆದರೆ ಹಾಡಿಕೆ ಬೇರೆ ಬೇರೆಯಾಗಿ ಅರಳಿತು. ಒಬ್ಬೊಬ್ಬರ ಕಂಠವನ್ನು ಬೇರೆಬೇರೆಯಾಗಿ ಕೇಳಿದ ಗುರುವಿನ ಹೊರತು ಇದು ಆಗತಕ್ಕದ್ದಲ್ಲ.

ಇನ್ನು ಹಿರೇಕೆರೂರ ಸೀಮೆಯ ಅಬಲೂರು-ಮಾಸೂರುಗಳೊಡನೆ ಐತಿಹ್ಯವು ಸೇರಿಸುವ ಸರ್ವಜ್ಞನಿಗೆ ಲೋಕವೇ ಪಾಠಶಾಲೆ. ಕಂಡವರೊಬ್ಬೊಬ್ಬರಿಂದ ಒಂದೊಂದು ನುಡಿ ಕಲಿತವನೆಂದು ಅವನ ಖ್ಯಾತಿ. ಸಹಪಾಠಿಗಳ ಪಾಲು ಎಷ್ಟು ದೊಡ್ಡದಾಗಬಹುದೆಂಬದಕ್ಕೆ ಅವನು ಸಾಕ್ಷಿ. ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರಿಗೆ ಎರಡೂ ಲಾಭಗಳು ದೊರೆತವು. ಧಾರವಾಡದಲ್ಲಿ ಬೇಂದ್ರೆಯವರ ಸಾಮೀಪ್ಯ ಮತ್ತು ಗೆಳೆಯರ ಗುಂಪಿನ ಕಾವ್ಯಗೋಷ್ಠಿ ಒಂದು ಕಡೆ. 1930ರ ದಶಕದಲ್ಲಿ ಆಕ್ಸಫರ್ಡಿನ ವ್ಯಾಸಂಗ ಇನ್ನೊಂದು ಕಡೆ. ಆಕ್ಸಫರ್ಡಿನಲ್ಲಿ ವಿದ್ಯಾರ್ಥಿಯು ವಾರಕ್ಕೊಂದು ಪ್ರಬಂಧ ಬರೆದು, ನೇಮಿಸಿದ ತಾಸಿಗೆ ಶಿಕ್ಷಕನ ಕೋಣೆಗೆ ಹೋಗಿ, ಓದಿ ತೋರಿಸಿ ಚರ್ಚಿಸುವ ಪದ್ಧತಿಯುಂಟು. ಸಾವಿರಾರು ಮೈಲು ದೂರದ ಆ ಊರಿನ ಪದ್ಧತಿಗೂ ಪಾಠಶಾಲೆಯ ಜಗುಲಿಯ ಮೇಲಿನ ಒಪ್ಪಿಸುವಿಕೆಗೂ ಒಳತಿರುಳಿನಲ್ಲಿ ಭೇದವಿಲ್ಲ.

ಈಗ ಈ ಸೀಮೆಯಲ್ಲಿಯೇ ವಿಶ್ವವಿದ್ಯಾಲಯವಿರುವದು. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಸ್ಥಾಪಿತವಾಯಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು 1949ರಿಂದ ಇದ್ದೇ ಇದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಗಳ ಪ್ರಕಾರ ಒಬ್ಬ ಪ್ರಾಧ್ಯಾಪಕನು ಏಕಕಾಲಕ್ಕೆ 8 ಜನ, ಸಹ ಪ್ರಾಧ್ಯಾಪಕನು 6 ಜನ, ಸಹಾಯಕ ಪ್ರಾಧ್ಯಾಪಕನು 4 ಜನ ಪಿಎಚ್.ಡಿ. ಸಂಶೋಧಕರಿಗೆ ಮಾರ್ಗದರ್ಶನ ಮಾಡಬಹುದು. ಸಂಶೋಧಕನು ಪ್ರತಿ ಅರ್ಧವರ್ಷಕ್ಕೊಮ್ಮೆ ಸಲಹಾ ಸಮಿತಿಯ ಮುಂದೆ ತನ್ನ ಕೆಲಸವನ್ನು ನಿವೇದಿಸತಕ್ಕದ್ದು. ನಿಯಮವು ಯೋಗ್ಯವೇ. ಆದರೆ ಒಕ್ಕಲಿಗನು ಬಿತ್ತಿದ ಹೊಲವನ್ನು ಸುಗ್ಗಿಯಲ್ಲಿ ಮಾತ್ರ ನೋಡಲು ಹೋದರೆ ಕಳೆಯೇ ಬೆಳೆಯಾಗಿರುವದು. ಆರು ತಿಂಗಳಲ್ಲಿ ಸಂಶೋಧಕನು ಎಷ್ಟು ದಾರಿ ತಪ್ಪಬಹುದು! ಸಮಿತಿಯ ಮುಂದೆ ಅವನು ಆದುದನ್ನು ಹೇಳುವನಲ್ಲದೆ ಆಗದುದನ್ನು ಹೇಳನು. ಹಸ್ತಪ್ರತಿಯ ಅಕ್ಷರ ಓದಲು ಬರುತ್ತಿಲ್ಲ, ಹಳ್ಳಿಯಲ್ಲಿ ಹಾಡುವ ಮುದುಕಿ ಮಾತನಾಡಲು ಒಲ್ಲೆನೆಂದಳು, ವಿದ್ಯಾರ್ಥಿವೇತನ ಬಂದಿಲ್ಲ, ಮನೆಯಲ್ಲಿ ತಂದೆಗೆ ಕಾಯಿಲೆ ಎಂಬ ಮಾತುಗಳು ಸಭೆಯಲ್ಲಿ ಹೊರಡುವವಲ್ಲ. ಮನೆತನದಲ್ಲಿ ಈ ಪದವಿಯ ವರೆಗೆ ಬಂದವರಲ್ಲಿ ತಾನೇ ಮೊದಲಿಗನಾದ ಹುಡುಗನಿಗೆ ಕೇಳಲು ಬೇರೆ ಯಾರೂ ಇಲ್ಲ. ಅಂಥವನು ಒಂದು ದಿನ ಯಾರಿಗೂ ಹೇಳದೆ ಊರಿಗೆ ಹೋಗಿಬಿಡುವನು. ಪುಸ್ತಕದಲ್ಲಿ ಹೆಸರು ಮಾತ್ರ ಉಳಿಯುವದು. ಅಲ್ಲಿಗೆ ಒಂದು ಕಂಠ ಅಡಗಿತೆಂದೇ ತಿಳಿಯಬೇಕು.

ಆದುದರಿಂದ ವಾರಕ್ಕೊಮ್ಮೆ ಒಬ್ಬೊಬ್ಬ ಸಂಶೋಧಕನನ್ನು ಬೇರೆಬೇರೆಯಾಗಿ ಕಂಡು ಕೇಳುವ ಕಟ್ಟಳೆಯನ್ನು ಮಾರ್ಗದರ್ಶಕರು ಇಟ್ಟುಕೊಳ್ಳಬೇಕು. ತಲೆಗೆ ಅರ್ಧ ತಾಸಿನಂತೆ 8 ಜನರಿಗೆ 4 ತಾಸು. ಪುರಸತ್ತಿಲ್ಲವೆಂಬ ಮಾತಿಗೆ ಇದರ ಮುಂದೆ ಬಲವಿಲ್ಲ. ದಿನವೂ ವೇಳೆಯೂ ನಿಶ್ಚಿತವಾಗಿರಬೇಕು. ಸೌಡಾದಾಗ ಬಾ ಎಂದರೆ ಸಂಕೋಚದವನು ಎಂದೂ ಬರನು. ನೇಮಿಸಿದ ವೇಳೆಯಾದರೆ ಬರಲು ಕಾರಣ ಹುಡುಕಬೇಕಾಗಿಲ್ಲ. ಗುರುವು ಆ ವೇಳೆಯನ್ನು ತಪ್ಪಿಸಿದರೆ ತನ್ನ ಕೆಲಸಕ್ಕೆ ಬೆಲೆಯಿಲ್ಲವೆಂದೇ ಶಿಷ್ಯನು ತಿಳಿಯುವನು. ಮೊದಲ ಮಾತು ಶಿಷ್ಯನದಾಗಿರಬೇಕು. ಏನು ಮುಗಿಸಿದೆ ಎಂದು ಕೇಳುವ ಮೊದಲು ಎಲ್ಲಿ ತಡೆಯಾಯಿತು ಎಂದು ಕೇಳಬೇಕು. ತಪ್ಪನ್ನು ತಿದ್ದುವದು ಅವಶ್ಯ. ಹಂಗಿಸುವದು ಬೇಡ, ಬೇರೊಬ್ಬ ಶಿಷ್ಯನ ಹೆಸರೆತ್ತಿ ಹೋಲಿಸುವದಂತೂ ಬೇಡವೇ ಬೇಡ. ಏಳುವ ಮೊದಲು ಮುಂದಿನ ವಾರಕ್ಕೆ ಒಂದೇ ಸಣ್ಣ ಕೆಲಸವನ್ನು ಗೊತ್ತುಮಾಡಿ ಇಬ್ಬರೂ ಬರೆದಿಟ್ಟುಕೊಳ್ಳಬೇಕು. ತನ್ನಿಂದಾಗದ ಸಹಾಯಕ್ಕೆ ಬಲ್ಲವರ ಬಳಿಗೆ ಕಳಿಸಬೇಕು. ಗುಂಪಿನ ಗೋಷ್ಠಿಯೂ ಬೇಕು, ಅಲ್ಲಿ ವಾದ ಬೆಳೆಯುವದು; ಆದರೆ ವಾದಕ್ಕೆ ನಿಲ್ಲುವ ಧೈರ್ಯವು ಈ ಅರ್ಧ ತಾಸಿನಲ್ಲಿ ಹುಟ್ಟುವದು.

ಇದರಲ್ಲಿ ಹೊಸತೆಂಬದು ಏನೂ ಇಲ್ಲ. ಹಾನಗಲ್ಲ ಸ್ವಾಮಿಗಳು ಕುರುಡ ಬಾಲಕನಿಗೆ ಗುರುವನ್ನು ಹುಡುಕಿದುದೂ, ಗೋವಿಂದಭಟ್ಟರು ಲೋಕಾಪವಾದಕ್ಕೆ ಬೆನ್ನುಕೊಟ್ಟುದೂ, ಕುಂದಗೋಳದ ಮನೆಯಲ್ಲಿ ಒಂದೇ ಸ್ವರಸಮೂಹವನ್ನು ಬೇಸರವಿಲ್ಲದೆ ಮತ್ತೆ ಮತ್ತೆ ಕೇಳಿದುದೂ ಇದೇ. ಯಾವ ಸಮಿತಿಯೂ ಅವರಿಗೆ ನಿಯಮ ಮಾಡಿಕೊಟ್ಟಿರಲಿಲ್ಲ. ಗುರುವಿನ ಎದುರಿಗೆ ಹಾಕಿದ ಇನ್ನೊಂದು ಮಣೆ ಬರಿದಾಗಿ ಉಳಿಯದಂತೆ ಅವರು ನೋಡಿಕೊಂಡರು. ಇಂದಿನ ಮಾರ್ಗದರ್ಶಕರೂ ತಮ್ಮ ಕೋಣೆಯಲ್ಲಿ ಅಷ್ಟು ನೋಡಿಕೊಂಡರೆ ಸೀಮೆಯ ಋಣ ತೀರಿದಂತೆ.