ಆಡಮ್-4011 ಮಾಡ್ಯೂಲಿನ ಸಂವಹನ ಮತ್ತು ಎಚ್ಚರಿಕೆ ವ್ಯವಸ್ಥೆ

ಆಡಮ್-4011 ಎಂಬುದು ತೈವಾನಿನ ಅಡ್ವಾಂಟೆಕ್ ಸಂಸ್ಥೆಯು ತಯಾರಿಸಿದ ದತ್ತಾಂಶ ಸಂಗ್ರಹ ಮಾಡ್ಯೂಲ್. ಥರ್ಮೋಕಪಲ್ ಎಂದು ಕರೆಯಲಾಗುವ ಉಷ್ಣಯುಗ್ಮದ ಸೂಕ್ಷ್ಮ ವೋಲ್ಟೇಜನ್ನು ಇದು ಉಷ್ಣತೆಯ ಅಂಕಿಯಾಗಿ ಪರಿವರ್ತಿಸಿ ಗಣಕಯಂತ್ರಕ್ಕೆ ಒದಗಿಸುತ್ತದೆ. ಕುಲುಮೆ, ಶೀತಲಗೃಹ ಮೊದಲಾದೆಡೆ ಉಷ್ಣತೆಯ ಮೇಲೆ ನಿಗಾ ಇಡಲು ಇಂತಹ ಮಾಡ್ಯೂಲುಗಳು ಬಳಕೆಯಾಗುತ್ತವೆ.

ಸರಣಿ ಸಂವಹನ

ಮಾಡ್ಯೂಲುಗಳನ್ನು ಆರ್‌ಎಸ್-485 ಎಂಬ ಎರಡು ತಂತಿಗಳ ಜಾಲದಲ್ಲಿ ಜೋಡಿಸಲಾಗುತ್ತದೆ. ಜಾಲವು ಸುಮಾರು 1200 ಮೀಟರುಗಳವರೆಗೆ ಹಬ್ಬಬಲ್ಲದು. ಪ್ರತಿಯೊಂದು ಮಾಡ್ಯೂಲಿಗೂ ಪ್ರತ್ಯೇಕ ವಿಳಾಸವಿರಬೇಕು. ಎರಡಕ್ಕೆ ಒಂದೇ ವಿಳಾಸವಿದ್ದರೆ ಎರಡೂ ಏಕಕಾಲದಲ್ಲಿ ಉತ್ತರಿಸಿ ಸಂದೇಶವು ಕೆಡುತ್ತದೆ. ಬಾಡ್ ದರವಾದರೋ ಎಲ್ಲಕ್ಕೂ ಒಂದೇ ಆಗಿರತಕ್ಕದ್ದು. ಕಾರ್ಖಾನೆಯಿಂದ ಬರುವಾಗ ವಿಳಾಸ 01, ದರ 9600 ಆಗಿರುತ್ತದೆ. ಕೇಳದ ಹೊರತು ಮಾಡ್ಯೂಲು ತಾನಾಗಿ ಮಾತನಾಡುವುದಿಲ್ಲ. # ಚಿಹ್ನೆಯೊಡನೆ ವಿಳಾಸವನ್ನು ಕಳುಹಿಸಿದರೆ ಉಷ್ಣತೆಯನ್ನು ತಿಳಿಸುತ್ತದೆ. $ ಚಿಹ್ನೆ, ವಿಳಾಸ ಹಾಗೂ 2 ಎಂಬ ಅಂಕೆಯನ್ನು ಕಳುಹಿಸಿದರೆ ತನ್ನ ಈಗಿನ ಹೊಂದಾಣಿಕೆಯನ್ನು ತಿಳಿಸುತ್ತದೆ.

ಹೊಂದಾಣಿಕೆಯನ್ನು ಬದಲಿಸುವ ಆದೇಶವು % ಚಿಹ್ನೆಯಿಂದ ಆರಂಭವಾಗುತ್ತದೆ. ಅದರಲ್ಲಿ ಹಳೆಯ ವಿಳಾಸ, ಹೊಸ ವಿಳಾಸ, ಸಂವೇದಕದ ಬಗೆ, ಬಾಡ್ ದರ, ದತ್ತಾಂಶದ ಸ್ವರೂಪ ಇವು ಕ್ರಮವಾಗಿ ಎರಡೆರಡು ಅಕ್ಷರಗಳಲ್ಲಿ ಬರುತ್ತವೆ. 9600ರ ಸಂಕೇತ 06, 19200ರದು 07. ಆದೇಶ ಸರಿಯಿದ್ದರೆ ! ಚಿಹ್ನೆಯೂ, ತಪ್ಪಿದ್ದರೆ ? ಚಿಹ್ನೆಯೂ ಉತ್ತರದ ಮೊದಲಲ್ಲಿರುತ್ತದೆ.

ವಿಳಾಸವನ್ನು ಎಂದಾದರೂ ಬದಲಿಸಬಹುದು. ಬಾಡ್ ದರವನ್ನೂ ಚೆಕ್‌ಸಮ್ ಎಂಬ ದೋಷಪರೀಕ್ಷೆಯನ್ನೂ ಹಾಗೆ ಬದಲಿಸಲಾಗದು. ಇದಕ್ಕಾಗಿ ವಿದ್ಯುತ್ತನ್ನು ನಿಲ್ಲಿಸಿ, 'ಇನಿಟ್' ಎಂಬ ಕೊನೆಯನ್ನು ನೆಲತಂತಿಗೆ ಜೋಡಿಸಿ, ಮತ್ತೆ ವಿದ್ಯುತ್ ಕೊಟ್ಟು ಕನಿಷ್ಠ 7 ಸೆಕೆಂಡು ಕಾಯಬೇಕು. ಆಗ ಮಾಡ್ಯೂಲು 00 ವಿಳಾಸದಲ್ಲಿ, 9600 ದರದಲ್ಲಿ, ಚೆಕ್‌ಸಮ್ ಇಲ್ಲದೆ ಎಚ್ಚರಗೊಳ್ಳುತ್ತದೆ. ಹಿಂದಿನ ಹೊಂದಾಣಿಕೆ ಮರೆತುಹೋದ ಮಾಡ್ಯೂಲನ್ನು ಮರಳಿ ಪಡೆಯುವ ದಾರಿಯೂ ಇದೇ. ಆದೇಶ ನೀಡಿದ ಬಳಿಕ ಜೋಡಣೆಯನ್ನು ತೆಗೆದು ವಿದ್ಯುತ್ತನ್ನು ಮತ್ತೊಮ್ಮೆ ಕೊಟ್ಟಾಗ ಹೊಸ ದರ ಜಾರಿಗೆ ಬರುತ್ತದೆ.

ಎಚ್ಚರಿಕೆ

ಮೇಲ್ಮಿತಿ, ಕೆಳಮಿತಿಗಳನ್ನು @ ಚಿಹ್ನೆಯ ಆದೇಶಗಳಿಂದ ನಿಗದಿಪಡಿಸಲಾಗುತ್ತದೆ. ಹೋಲಿಕೆಯ ಕೆಲಸವನ್ನು ಮಾಡ್ಯೂಲೇ ಮಾಡುವುದರಿಂದ, ಗಣಕಯಂತ್ರ ಕೆಟ್ಟರೂ ಸಂವಹನದ ತಂತಿ ತುಂಡಾದರೂ ಎಚ್ಚರಿಕೆ ನಿಲ್ಲದು. ಈ ಮಾಡ್ಯೂಲಿನ ಬಹುಮುಖ್ಯ ಗುಣವಿದು.

ಎಚ್ಚರಿಕೆಯಲ್ಲಿ ಎರಡು ವಿಧ. ಕ್ಷಣಿಕ ವಿಧದಲ್ಲಿ ಉಷ್ಣತೆ ಮಿತಿಯೊಳಗೆ ಮರಳಿದೊಡನೆ ಸಂಕೇತವೂ ಅಳಿಯುತ್ತದೆ. ಸ್ಥಿರ ವಿಧದಲ್ಲಿ, ಅಳಿಸುವ ಆದೇಶ ಬರುವವರೆಗೂ ಅದು ಉಳಿಯುತ್ತದೆ. ಲಸಿಕೆಯ ಶೀತಲಗೃಹವೊಂದರಲ್ಲಿ ರಾತ್ರಿ ಉಷ್ಣತೆ ಏರಿ ಬೆಳಗಾಗುವಷ್ಟರಲ್ಲಿ ಇಳಿದಿದ್ದರೆ ಕ್ಷಣಿಕ ವಿಧದ ಸಂಕೇತವು ಆಗ ಕಾಣಿಸದು. ಕೆಟ್ಟ ಲಸಿಕೆ ಒಳ್ಳೆಯದೆಂದೇ ಹೊರಹೋಗಬಹುದು. ಇಂತಹ ಕಡೆ ಸ್ಥಿರ ವಿಧವೇ ಯುಕ್ತ.

ಎಚ್ಚರಿಕೆಯ ನಿರ್ಗಮಗಳು 30 ವೋಲ್ಟ್, 30 ಮಿಲಿಆಂಪಿಯರ್‌ಗಳನ್ನು ಮಾತ್ರ ತಾಳಬಲ್ಲವು. ಆದ್ದರಿಂದ ಸೈರನ್ನನ್ನು ನೇರವಾಗಿ ಜೋಡಿಸದೆ, ರಿಲೇ ಮೂಲಕ ನಡೆಸಬೇಕಾಗುತ್ತದೆ.