ಬಿಟ್ಟಿಯೋ, ಸೇವೆಯೋ?

ತಪಸ್ಸುಕಾಲದ ಶುಕ್ರವಾರಗಳಂದು ಶಿಲುಬೆಹಾದಿಯ ಐದನೆಯ ಸ್ಥಳದ ಮುಂದೆ ನಾವೆಲ್ಲರೂ ಮೊಣಕಾಲೂರಿದವರೇ. ಹಳ್ಳಿಯ ಕಡೆಯಿಂದ ಬರುತ್ತಿದ್ದ ಸಿರೇನ್ ಊರಿನ ಸಿಮೋನನನ್ನು ಸೈನಿಕರು ತಡೆದು ನಿಲ್ಲಿಸಿ, ಯೇಸುಸ್ವಾಮಿಯ ಶಿಲುಬೆಯನ್ನು ಅವನ ಹೆಗಲಿಗೇರಿಸಿದರು. ಅವನು ತಾನಾಗಿ ಮುಂದೆ ಬಂದವನಲ್ಲ, ಒತ್ತಾಯಕ್ಕೆ ಸಿಕ್ಕಿದವನು. ಆದರೂ ನಾವು ಇಂದಿಗೂ ಅವನನ್ನು ನೆನೆಯುವುದು ನೆರವಾದವನೆಂದೇ ಹೊರತು ಬಿಟ್ಟಿಯಾಳೆಂದಲ್ಲ. ಹಾಗಾದರೆ ಬಲವಂತವಾಗಿ ಹೊರಿಸಿದ ಹೊರೆಯೂ ಸೇವೆಯಾಗಬಲ್ಲುದೇ?

ಈ ಪ್ರಶ್ನೆ ನಮ್ಮ ಮನೆಗಳಿಗೆ ಹೊಸದೇನಲ್ಲ. ಓದು ಮುಗಿಸಿದ ಮಗ ದಿಕ್ಕು ತೋಚದೆ ಕುಳಿತಾಗ, "ಸರ್ಕಾರ ಇವರನ್ನೆಲ್ಲ ಒಂದು ವರ್ಷ ಕಡ್ಡಾಯವಾಗಿ ದುಡಿಸಬೇಕು, ಆಗ ಬುದ್ಧಿ ಬರುತ್ತದೆ" ಎಂದು ಹಿರಿಯರು ಗೊಣಗುವುದನ್ನು ನೀವೂ ಕೇಳಿರುತ್ತೀರಿ. ಆ ಮಾತನ್ನು ಐವತ್ತು ವರ್ಷಗಳ ಕಾಲ ನಿಜವಾಗಿಯೂ ಆಚರಣೆಗೆ ತಂದ ದೇಶವೊಂದಿದೆ. ಅದು ಜರ್ಮನಿ. ಅದರ ಅನುಭವವನ್ನು ನಾವು ಶಾಂತವಾಗಿ ಪರಿಶೀಲಿಸುವುದು ಲೇಸು.

ಎರಡನೆಯ ಮಹಾಯುದ್ಧದಲ್ಲಿ ಹಿಟ್ಲರನ ಸೇನೆಗೆ ಸೇರಲೊಲ್ಲದವರಿಗೆ ದೊರೆತದ್ದು ಮರಣದಂಡನೆ. ಆಸ್ಟ್ರಿಯಾದ ರೈತ ಫ್ರಾನ್ಸ್ ಯೇಗರ್‌ಸ್ಟೆಟ್ಟರ್ ತನ್ನ ಕ್ರೈಸ್ತ ಮನಸ್ಸಾಕ್ಷಿ ಒಪ್ಪದೆಂದು ಆ ಯುದ್ಧದಲ್ಲಿ ಹೋರಾಡಲು ನಿರಾಕರಿಸಿ, 1943ರ ಆಗಸ್ಟ್ 9ರಂದು ಪ್ರಾಣ ತೆತ್ತನು. ಧರ್ಮಸಭೆ 2007ರಲ್ಲಿ ಅವನನ್ನು ಪುನೀತರ ಪದವಿಗೇರಿಸಿತು. ಇಂಥ ಕಹಿ ನೆನಪುಗಳ ನಡುವೆ 1949ರಲ್ಲಿ ರಚನೆಯಾದ ಪಶ್ಚಿಮ ಜರ್ಮನಿಯ ಸಂವಿಧಾನವು, ಮನಸ್ಸಾಕ್ಷಿಗೆ ವಿರುದ್ಧವಾಗಿ ಯಾರನ್ನೂ ಆಯುಧ ಹಿಡಿದು ಯುದ್ಧ ಮಾಡುವಂತೆ ಬಲವಂತಪಡಿಸಬಾರದೆಂದು ವಿಧಿಸಿತು. 1956ರಲ್ಲಿ ಅಲ್ಲಿ ಕಡ್ಡಾಯ ಸೈನಿಕ ಸೇವೆ ಮತ್ತೆ ಜಾರಿಗೆ ಬಂದಿತು. ಸೇನೆಗೆ ಹೋಗಲು ಮನಸ್ಸಾಕ್ಷಿ ಒಪ್ಪದ ಯುವಕರು ಬದಲಾಗಿ ಸಮಾಜಸೇವೆ ಮಾಡಬೇಕೆಂಬ ವ್ಯವಸ್ಥೆ 1961ರ ಏಪ್ರಿಲ್‌ನಲ್ಲಿ ಆರಂಭವಾಯಿತು. ಮುಂದೆ ಇದಕ್ಕೆ 'ತ್ಸಿವಿಲ್‌ಡೀನ್‌ಸ್ಟ್', ಅಂದರೆ ನಾಗರಿಕ ಸೇವೆ ಎಂಬ ಹೆಸರು ಬಂದಿತು.

ಮೊದಲ ತಂಡದಲ್ಲಿದ್ದವರು ಕೆಲವೇ ನೂರು ಮಂದಿ. ಜನರು ಅವರನ್ನು ಹೇಡಿಗಳೆಂದು, ಕೆಲಸಗಳ್ಳರೆಂದು ಜರಿದರು. ನಿನ್ನ ಮನಸ್ಸಾಕ್ಷಿ ನಿಜವೇ ಎಂದು ಪರೀಕ್ಷಿಸುವ ಸಮಿತಿಯ ಮುಂದೆ ಯುವಕನು ನಿಂತು ಉತ್ತರಿಸಬೇಕಾಗಿತ್ತು. ಬಹುಪಾಲು ಅರ್ಜಿದಾರರಿಗೆ ಈ ಮೌಖಿಕ ಪರೀಕ್ಷೆ ತಪ್ಪಿದ್ದು 1984ರಲ್ಲಿ. ಅದೇ ವರ್ಷದಿಂದ ಸೇವೆಯ ಅವಧಿಯನ್ನು 20 ತಿಂಗಳಿಗೆ ಏರಿಸಲಾಯಿತು. ಆಗ ಸೈನಿಕ ಸೇವೆ 15 ತಿಂಗಳದ್ದು. ಶಾಂತಿಯನ್ನು ಆರಿಸಿಕೊಂಡವನು ಐದು ತಿಂಗಳು ಹೆಚ್ಚು ದುಡಿದು ಅದರ ಬೆಲೆ ತೆರಬೇಕಾಯಿತು.

ಈ ಯುವಕರು ಮಾಡಿದ್ದಾದರೂ ಏನು? ವೃದ್ಧಾಶ್ರಮಗಳಲ್ಲಿ ಮುದುಕರನ್ನು ಎಬ್ಬಿಸಿ ಕೂರಿಸಿದರು, ಮೀಯಿಸಿದರು, ಉಣಿಸಿದರು. ಗಾಲಿಕುರ್ಚಿಯಲ್ಲಿದ್ದ ಮಕ್ಕಳನ್ನು ಶಾಲೆಗೆ ಕರೆದೊಯ್ದರು. ಒಂಟಿಯಾಗಿ ಬಾಳುವವರ ಮನೆಬಾಗಿಲಿಗೆ ಬಿಸಿಯೂಟ ಮುಟ್ಟಿಸಿದರು, ಆಂಬುಲೆನ್ಸ್ ಓಡಿಸಿದರು. ಕಥೋಲಿಕರ ಕಾರಿತಾಸ್ ಮತ್ತು ಪ್ರೊಟೆಸ್ಟೆಂಟರ ಡಿಯಾಕೋನಿ ಸಂಸ್ಥೆಗಳಲ್ಲಿಯೂ ಅವರಲ್ಲಿ ಅನೇಕರು ದುಡಿದರು. ಕಾಲಕ್ರಮೇಣ ನಿಂದನೆಯ ಮಾತು ಅಡಗಿ, 'ತ್ಸಿವಿ' ಎಂಬ ಅಕ್ಕರೆಯ ಅಡ್ಡಹೆಸರು ಮನೆಮಾತಾಯಿತು. 1990ರ ದಶಕದ ಕೊನೆಯ ವೇಳೆಗೆ ಏಕಕಾಲದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಯುವಕರು ಈ ಸೇವೆಯಲ್ಲಿದ್ದರು. ಐವತ್ತು ವರ್ಷಗಳಲ್ಲಿ ಒಟ್ಟು 25 ಲಕ್ಷಕ್ಕೂ ಹೆಚ್ಚು. ಮೈ ಒರೆಸುವುದು, ಊಟ ಮಾಡಿಸುವುದು ಹೆಂಗಸರ ಕೆಲಸವೆಂದು ಭಾವಿಸಿದ್ದ ಗಂಡುಮಕ್ಕಳು, ಮತ್ತೊಬ್ಬರ ದೌರ್ಬಲ್ಯವನ್ನು ಮುಟ್ಟಿ ಅರಿತರು. ಕೆಲವರು ಅದನ್ನೇ ಜೀವನದ ವೃತ್ತಿಯಾಗಿ ಆರಿಸಿಕೊಂಡರು.

ಆದರೆ ನಾಣ್ಯದ ಇನ್ನೊಂದು ಮುಖವನ್ನು ಮುಚ್ಚಿಡಲಾಗದು. ತ್ಸಿವಿಗಳು ಬೇರೆಯವರ ಉದ್ಯೋಗವನ್ನು ಕಸಿಯಬಾರದೆಂದು ನಿಯಮವಿತ್ತು. ಆದರೂ ಅಗ್ಗದ ಕೈಗಳು ಸಿಕ್ಕಾಗ ನ್ಯಾಯವಾದ ಸಂಬಳ ಕೊಟ್ಟು ನುರಿತವರನ್ನು ನೇಮಿಸುವ ಹೊಣೆಯಿಂದ ಸಂಸ್ಥೆಗಳು ನುಣುಚಿಕೊಳ್ಳುತ್ತವೆ ಎಂಬ ಟೀಕೆ ಕೊನೆಯವರೆಗೂ ಇತ್ತು. ಕಡ್ಡಾಯದ ಹೊರೆ ಗಂಡುಮಕ್ಕಳ ಮೇಲೆ ಮಾತ್ರವಿತ್ತು. ಮನಸ್ಸಿಲ್ಲದೆ ದಿನ ಎಣಿಸಿ ಹೋದವರೂ ಇದ್ದರು. ಅಂಥವನ ಕೈಯಿಂದ ತುತ್ತು ತಿನ್ನುವ ಮುದುಕಿಯ ಪಾಡನ್ನು ನೀವೇ ಊಹಿಸಿಕೊಳ್ಳಿ. ಯುವಕನಿಗೆ ಪಾಠವಾಗಲೆಂದು ರೋಗಿಯನ್ನು ಪಠ್ಯಪುಸ್ತಕವಾಗಿಸುವುದು ಸರಿಯೇ?

2011ರಲ್ಲಿ ಜರ್ಮನಿ ಕಡ್ಡಾಯ ಸೈನಿಕ ಸೇವೆಯನ್ನು ತಡೆಹಿಡಿದಾಗ ತ್ಸಿವಿಗಳ ಕಾಲವೂ ಮುಗಿಯಿತು. ವೃದ್ಧರನ್ನು ನೋಡಿಕೊಳ್ಳುವವರು ಯಾರು ಎಂಬ ಆತಂಕ ಎಲ್ಲೆಡೆ ಹಬ್ಬಿತು. ಆ ವರ್ಷದ ಜುಲೈನಲ್ಲಿ ಸ್ತ್ರೀಪುರುಷರಿಬ್ಬರಿಗೂ ತೆರೆದ ಸ್ವಯಂಸೇವಾ ಯೋಜನೆಯೊಂದು ಆರಂಭವಾಯಿತು. ವರ್ಷವೊಂದರೊಳಗೆ 30,000ಕ್ಕೂ ಹೆಚ್ಚು ಜನ ತಾವಾಗಿ ಬಂದು ಸೇರಿದರು. ಹಿಂದಿನಷ್ಟು ಕೈಗಳು ಸಿಗಲಿಲ್ಲವೆಂಬುದು ನಿಜ. ಬಂದವರು ಮಾತ್ರ ತಾವೇ ಒಪ್ಪಿ ಬಂದವರು. ಈ ಒಲವಿನ ಬೇರು ಹಳೆಯದು. 1954ರಲ್ಲಿಯೇ ಬವೇರಿಯಾದ ನಾಯೆನ್‌ಡೆಟ್ಟೆಲ್ಸೌ ಎಂಬಲ್ಲಿಯ ಲೂಥರನ್ ಸೇವಾಸಂಸ್ಥೆಯು, ಬಾಳಿನ ಒಂದು ವರ್ಷವನ್ನು ದುರ್ಬಲರಿಗಾಗಿ ಕೊಡಿರೆಂದು ತರುಣಿಯರನ್ನು ಕರೆದಿತ್ತು. ಕಾನೂನಿನ ಒತ್ತಾಯವಿಲ್ಲದೆಯೇ ಆ ಕರೆಗೆ ಓಗೊಟ್ಟವರಿದ್ದರು.

ನಮ್ಮ ದೇಶವೂ ಈ ಕವಲುದಾರಿಯಲ್ಲಿ ನಿಂತು ಯೋಚಿಸಿದೆ. ನಮ್ಮ ಸಂವಿಧಾನದ 23ನೆಯ ವಿಧಿ ಬಿಟ್ಟಿ ಚಾಕರಿಯನ್ನು ನಿಷೇಧಿಸುತ್ತದೆ. ಅದೇ ವಿಧಿ, ಸಾರ್ವಜನಿಕ ಹಿತಕ್ಕಾಗಿ ಧರ್ಮ, ಜಾತಿ, ವರ್ಗಗಳ ಭೇದವೆಣಿಸದೆ ಕಡ್ಡಾಯ ಸೇವೆ ವಿಧಿಸಲು ಸರ್ಕಾರಕ್ಕೆ ಅವಕಾಶವನ್ನೂ ಇಟ್ಟಿದೆ. ಕಾಲೇಜು ಸೇರುವ ಮುನ್ನ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂಬತ್ತು ತಿಂಗಳಿಂದ ಒಂದು ವರ್ಷದವರೆಗೆ ರಾಷ್ಟ್ರಸೇವೆ ಮಾಡಬೇಕೆಂದು 1959ರಲ್ಲಿ ನೇಮಕಗೊಂಡ ಸಿ. ಡಿ. ದೇಶಮುಖ್ ಸಮಿತಿ ಶಿಫಾರಸು ಮಾಡಿತು. ಅನಂತರ ಹಲವು ದೇಶಗಳ ಅನುಭವವನ್ನು ಅಧ್ಯಯನ ಮಾಡಿದ ಕೆ. ಜಿ. ಸೈಯದೈನ್ ಅವರು, ಅದು ಸ್ವಇಚ್ಛೆಯದ್ದಾಗಿರಲಿ ಎಂದರು. ಚೀನಾ ಯುದ್ಧದ ಬಳಿಕ 1963ರಲ್ಲಿ ಕಾಲೇಜುಗಳಲ್ಲಿ ಕಡ್ಡಾಯವಾದ ಎನ್.ಸಿ.ಸಿ. 1968ರಲ್ಲಿ ಮತ್ತೆ ಐಚ್ಛಿಕವಾಯಿತು. ಕೊನೆಗೆ 1969ರ ಸೆಪ್ಟೆಂಬರ್ 24ರಂದು, ಗಾಂಧೀ ಜನ್ಮಶತಾಬ್ದಿಯ ವರ್ಷದಲ್ಲಿ, ಕೇಂದ್ರ ಶಿಕ್ಷಣ ಸಚಿವ ಡಾ. ವಿ. ಕೆ. ಆರ್. ವಿ. ರಾವ್ ಅವರು ರಾಷ್ಟ್ರೀಯ ಸೇವಾ ಯೋಜನೆಗೆ ಚಾಲನೆಯಿತ್ತರು. 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳಿಂದ ಆರಂಭವಾದ ಈ ಯೋಜನೆ 'ನನಗಲ್ಲ, ನಿನಗೆ' ಎಂಬ ಧ್ಯೇಯವನ್ನು ಹೊತ್ತಿತು. ಮುಂದೆ ಇದೇ ರಾಯರು ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಕಟ್ಟಿ ಕನ್ನಡ ನಾಡಿಗೆ ಆಪ್ತರಾದರು.

ಈ ಇತಿಹಾಸ ನಮಗೆ ಕಲಿಸುವುದೇನು? ಕಾನೂನು ಯುವಕನನ್ನು ದುರ್ಬಲರ ಬಾಗಿಲಿನವರೆಗೆ ಕರೆದೊಯ್ಯಬಲ್ಲುದು. ಹೊಸ್ತಿಲು ದಾಟಿ ಒಳಗಡಿಯಿಡುವುದು ಅವನ ಮನಸ್ಸಿಗೆ ಬಿಟ್ಟದ್ದು. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಆಯುಧ ಒಲ್ಲದವರ ಮನಸ್ಸಾಕ್ಷಿಯನ್ನು ಕಾನೂನು ಮಾನವೀಯವಾಗಿ ಕಾಣಬೇಕೆಂದು ಬಯಸಿತು. ಅವರು ಬೇರೆ ಬಗೆಯಲ್ಲಿ ಸಮಾಜಕ್ಕೆ ದುಡಿಯಲು ಒಪ್ಪಬೇಕೆಂದೂ ಸೂಚಿಸಿತು. ಸ್ವಾತಂತ್ರ್ಯವೂ ಹೊಣೆಯೂ ಹೀಗೆ ಕೈಹಿಡಿದು ನಡೆದಲ್ಲಿ ಯುವಜನರಿಗೆ ಒಳಿತಾಗುತ್ತದೆ. ಒಂದನ್ನು ಕಳಚಿದರೆ ಉಳಿಯುವುದು ಬಿಟ್ಟಿ ಅಥವಾ ಬರಿಯ ಸೋಮಾರಿತನ.

ಸಂತ ಮಾರ್ಕನು ಸಿಮೋನನನ್ನು ಅಲೆಕ್ಸಾಂಡರ್ ಮತ್ತು ರೂಫರ ತಂದೆಯೆಂದು ಗುರುತಿಸುತ್ತಾನೆ. ಮಕ್ಕಳ ಹೆಸರು ಹೇಳಿದರೆ ಸಾಕು, ಗುರುತು ಸಿಗುವಷ್ಟು ಆ ಮನೆತನ ಆದಿ ಕ್ರೈಸ್ತರಿಗೆ ಪರಿಚಿತವಾಗಿತ್ತೆಂದು ಪಂಡಿತರು ಊಹಿಸುತ್ತಾರೆ. ಒತ್ತಾಯದಿಂದ ಹೆಗಲೇರಿದ್ದು ಮನೆಯ ನಂಬಿಕೆಯಾಗಿ ಉಳಿಯಿತೇನೋ. ನಿಮ್ಮ ಬೀದಿಯ ಕೊನೆಯ ಮನೆಯಲ್ಲಿಯೂ ಯಾರದೋ ಹೆಜ್ಜೆಸದ್ದಿಗೆ ಕಾದು ಕುಳಿತ ಅಜ್ಜಿಯೊಬ್ಬರಿರಬಹುದು. ಕಾನೂನು ಬರಲೆಂದು ಕಾಯದೆ, ಬರುವ ಭಾನುವಾರ ಪೂಜೆ ಮುಗಿದ ಬಳಿಕ ಮಗನನ್ನೋ ಮಗಳನ್ನೋ ಜೊತೆಗೆ ಕರೆದುಕೊಂಡು ಅಲ್ಲಿಗೆ ಹೋಗಿಬನ್ನಿ. ಮೊದಲ ಸಲ ಅವರು ನಿಮ್ಮ ಒತ್ತಾಯಕ್ಕೆ ಬಂದಾರು. ಎರಡನೆಯ ಸಲ ತಾವೇ ಹೊರಟರೆ, ಅದು ಸೇವೆ.